ಎರಡನೆಯ ಸಿನಿಮಾದ ಪ್ರಶ್ನೆ

2015ರ ಆಗಸ್ಟ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಕಥೆಗೆ ಎರಡು ಪ್ರಶಸ್ತಿ ಬಂದವು. ಒಂದು ಹೊಸ ನಿರ್ದೇಶಕರ ವಿಭಾಗದ ಚಿನ್ನದ ಚಿರತೆ, ಇನ್ನೊಂದು ಅತ್ಯುತ್ತಮ ಚೊಚ್ಚಲ ಚಿತ್ರದ ಗೌರವ. ಚಿತ್ರ ‘ತಿಥಿ’, ನಿರ್ದೇಶಕ ರಾಮ್ ರೆಡ್ಡಿ. ಚಿತ್ರಕಥೆಯಲ್ಲಿ ಜೊತೆಯಾದವರು ಆ ಹಳ್ಳಿ, ನೊದೆಕೊಪ್ಪಲಿನವರೇ ಆದ ಈರೇಗೌಡ. ಮರುವರ್ಷ ಅದಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಸಿಕ್ಕಿತು, ಮೇ ತಿಂಗಳಲ್ಲಿ ಚಿತ್ರಮಂದಿರಕ್ಕೂ ಬಂತು. ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣದ ಕಡೆಯ ನಮಗೆ ಅದೊಂದು ದೊಡ್ಡ ಸಂಗತಿ. ನಮ್ಮ ಮಾತಿನ ಧಾಟಿಯನ್ನು ಅಲ್ಲಿಯವರೆಗೆ ತೆರೆಯ ಮೇಲೆ ಹೆಚ್ಚಾಗಿ ಕೇಳಿದ್ದು ಹಾಸ್ಯಪಾತ್ರದ ಬಾಯಲ್ಲಿ, ಇಲ್ಲವೇ ಮಚ್ಚು ಹಿಡಿದವನ ಬಾಯಲ್ಲಿ. ‘ತಿಥಿ’ಯಲ್ಲಿ ಅದೇ ಮಾತು ಜಮೀನಿನ ಚಿಂತೆ, ಸಾಲದ ಚಿಂತೆ, ಸಾವಿನ ಲೆಕ್ಕಾಚಾರ, ಹರೆಯದ ಆಸೆ ಎಲ್ಲವನ್ನೂ ಹೊತ್ತುಕೊಂಡು ನಿಂತಿತ್ತು.

ಆ ಸಂಭ್ರಮ ಮುಗಿದು ಬಹಳ ಕಾಲವಾಗಿದೆ. ಈಗ ಕೇಳಬೇಕಾದ ಪ್ರಶ್ನೆ ಒಂದಿದೆ: ಅದಾದ ಮೇಲೆ ಏನಾಯಿತು?

ಈರೇಗೌಡರು ತಾವೇ ನಿರ್ದೇಶಿಸಿದ ‘ಬಳೆಕೆಂಪ’ 2018ರಲ್ಲಿ ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್ ಚಿತ್ರೋತ್ಸವಕ್ಕೆ ಹೋಯಿತು. ಅಲ್ಲಿ ಅಂತರರಾಷ್ಟ್ರೀಯ ಚಿತ್ರವಿಮರ್ಶಕರ ಒಕ್ಕೂಟದ ಪ್ರಶಸ್ತಿ ಪಡೆಯಿತು. ಊರೂರು ಸುತ್ತುವ ಬಳೆಗಾರನ ಕಥೆ ಅದು. ರಾಮ್ ರೆಡ್ಡಿಯವರ ಎರಡನೆಯ ಚಿತ್ರ ‘ಜುಗ್ನುಮಾ’ ಬರ್ಲಿನ್ ಚಿತ್ರೋತ್ಸವದಲ್ಲಿ ತೆರೆ ಕಂಡಿದ್ದು 2024ರಲ್ಲಿ, ಭಾರತದ ಚಿತ್ರಮಂದಿರಗಳಿಗೆ ಬಂದಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಮನೋಜ್ ಬಾಜಪೇಯಿ ಮುಖ್ಯಪಾತ್ರದಲ್ಲಿರುವ ಆ ಚಿತ್ರ ಹಿಮಾಲಯದ ತಪ್ಪಲಿನ ಹಣ್ಣಿನ ತೋಟದಲ್ಲಿ ನಡೆಯುತ್ತದೆ, ಭಾಷೆ ಹಿಂದಿ. ಮೊದಲ ಚಿತ್ರಕ್ಕೂ ಎರಡನೆಯದಕ್ಕೂ ನಡುವೆ ಒಂಬತ್ತು ವರ್ಷ. ಕಲಾವಿದನೊಬ್ಬ ಯಾವ ಭಾಷೆಯಲ್ಲಿ, ಎಷ್ಟು ನಿಧಾನವಾಗಿ ಕೆಲಸ ಮಾಡಬೇಕೆಂಬುದು ಅವನ ಸ್ವಾತಂತ್ರ್ಯ, ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ಚಿಂತೆ ನಮ್ಮ ಕಡೆಯದು. ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯ ಯಾವುದಾದರೂ ಊರಿನಲ್ಲಿ ನಿಂತು ‘ತಿಥಿ’ ಗೊತ್ತೇ ಎಂದರೆ ಹತ್ತು ಜನ ಅದರ ಪಾತ್ರ ಗಡ್ಡಪ್ಪನ ಹೆಸರು ಹೇಳುತ್ತಾರೆ. ‘ಬಳೆಕೆಂಪ’ ಗೊತ್ತೇ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ನಮ್ಮದೇ ಜಿಲ್ಲೆಯ ರೈತ ಕುಟುಂಬದಿಂದ ಬಂದ ನಿರ್ದೇಶಕನ ಮೊದಲ ಚಿತ್ರವನ್ನು ರಾಟರ್‌ಡ್ಯಾಮಿನ ಪ್ರೇಕ್ಷಕರು ನೋಡಿದ್ದಾರೆ, ನಾಗಮಂಗಲದ ಪ್ರೇಕ್ಷಕರು ನೋಡಿಲ್ಲ.

ಸ್ವತಂತ್ರ ನಿರ್ದೇಶಕನ ಜೀವನ ತೀರ್ಮಾನವಾಗುವುದು ಮೊದಲ ಚಿತ್ರದಲ್ಲಿ ಅಲ್ಲ, ಎರಡನೆಯ ಚಿತ್ರದಲ್ಲಿ ಎಂದು ನಾನು ನಂಬಿದ್ದೇನೆ. ಮೊದಲನೆಯದನ್ನು ಹಟದಿಂದ ಮಾಡಬಹುದು. ಮನೆಯವರ ಒಡವೆ, ಗೆಳೆಯರ ಕೈಸಾಲ, ವಯಸ್ಸಿನ ಹುಮ್ಮಸ್ಸು ಇಷ್ಟು ಸಾಕು. ಎರಡನೆಯದಕ್ಕೆ ಅವು ಯಾವುವೂ ಉಳಿದಿರುವುದಿಲ್ಲ. ಆಗ ಬೇಕಾಗುವುದು ಹಿಂದಿನ ಚಿತ್ರದಿಂದ ಬಂದ ಒಂದಿಷ್ಟು ದುಡ್ಡು, ಅದನ್ನು ತೋರಿಸಿದ ಜಾಗ, ಮುಂದಿನದನ್ನೂ ನೋಡುತ್ತೇವೆ ಎನ್ನುವ ಜನ. ಈ ಮೂರನ್ನು ನಾವು ಕಟ್ಟಿಲ್ಲ. ಪ್ರಶಸ್ತಿ ಬಂದ ದಿನ ಹಾರ ಹಾಕಿ, ಶಾಲು ಹೊದಿಸಿ, ಪತ್ರಿಕೆಯಲ್ಲಿ ಫೋಟೊ ಹಾಕಿಸುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೇವೆ. ನಾಗಮಂಗಲ ಸೀಮೆಯ ರೈತನಿಗೆ ಇದು ಬೇಗ ಅರ್ಥವಾಗುತ್ತದೆ: ಬೇಸಿಗೆಯಲ್ಲಿ ಒಂದು ದಿನ ಸುರಿದ ಜೋರು ಮಳೆ ಖುಷಿ ಕೊಡುತ್ತದೆ, ಆದರೆ ಬೆಳೆ ಕೈಗೆ ಬರುವುದು ಕೆರೆಯಲ್ಲಿ ನೀರು ನಿಂತರೆ.

‘ತಿಥಿ’ ಹೇಗಾಯಿತು ಎಂಬುದನ್ನು ಸ್ವಲ್ಪ ನೋಡಬೇಕು. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮಗ ಗಡ್ಡಪ್ಪ ಬೀಡಿ ಸೇದುತ್ತ, ಬಾಟಲಿ ಹಿಡಿದು ಹೊಲದ ಬದುಗಳಲ್ಲಿ ತಿರುಗುವ ಮನುಷ್ಯ, ಅವನಿಗೆ ಆಸ್ತಿಯೂ ಬೇಡ, ತಿಥಿಯೂ ಬೇಡ. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಜಮೀನು ತನ್ನ ಹೆಸರಿಗೆ ಬಂದು ಮಾರಾಟವಾಗಬೇಕು. ಅದಕ್ಕಾಗಿ ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸಾಯಿಸಲು ಹೊರಡುತ್ತಾನೆ. ಮರಿಮಗ ಅಭಿ ಕುರಿ ಕಾಯುವ ಅಲೆಮಾರಿ ಹುಡುಗಿಯ ಹಿಂದೆ. ಹನ್ನೊಂದನೆಯ ದಿನದ ತಿಥಿಯ ಒಳಗೆ ಇದೆಲ್ಲ ನಡೆಯುತ್ತದೆ. ಪಾತ್ರಧಾರಿಗಳಲ್ಲಿ ವೃತ್ತಿನಟರಿಲ್ಲ. ಸೆಂಚುರಿ ಗೌಡನಾದವರು ಸಿಂಗ್ರಿಗೌಡರು, ಗಡ್ಡಪ್ಪನಾದವರು ಚನ್ನೇಗೌಡರು. ಹಿನ್ನೆಲೆ ಸಂಗೀತದ ಆಸರೆಯಿಲ್ಲದೆ, ಸ್ಥಳದಲ್ಲೇ ಹಿಡಿದ ದನಿಯಿಂದ ಚಿತ್ರ ನಡೆಯುತ್ತದೆ.

ಹೀಗೆ ಚಿತ್ರ ಮಾಡಲು ದೊಡ್ಡ ಸೆಟ್ ಬೇಕಿಲ್ಲ, ತಾರೆ ಬೇಕಿಲ್ಲ. ಆದರೆ ಕಾಲ ಬೇಕು. ಊರಿನಲ್ಲಿದ್ದು, ಯಾರು ಹೇಗೆ ಮಾತಾಡುತ್ತಾರೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾವ ಮುದುಕ ಯಾವ ಅರಳಿಕಟ್ಟೆಯ ಮೇಲೆ ಕೂರುತ್ತಾನೆ ಎಂಬುದೆಲ್ಲ ಮೈಗೆ ಹತ್ತುವವರೆಗೆ ಕಾಯಬೇಕು. ಕ್ಯಾಮೆರಾ ಕಾಣದ ಜನ ಕ್ಯಾಮೆರಾ ಮರೆಯುವವರೆಗೆ ಕಾಯಬೇಕು. ಡಿಜಿಟಲ್ ಬಂದ ಮೇಲೆ ಸಿನಿಮಾ ಅಗ್ಗವಾಯಿತು, ಫೋನಿನಲ್ಲೇ ಮಾಡಬಹುದು, ಇನ್ನೇನು ತೊಂದರೆ ಎಂದು ಕೇಳುವವರಿದ್ದಾರೆ. ಅಗ್ಗವಾದದ್ದು ಕ್ಯಾಮೆರಾ. ಒಬ್ಬ ಮನುಷ್ಯ ಎರಡು ವರ್ಷ ಬೇರೆ ಸಂಪಾದನೆ ಬಿಟ್ಟು ಒಂದು ಊರನ್ನು ನೋಡುತ್ತ ಕೂರುವ ಖರ್ಚು ಅಗ್ಗವಾಗಿಲ್ಲ. ಮನೆ ಬಾಡಿಗೆ, ಮಕ್ಕಳ ಸ್ಕೂಲ್ ಫೀಸು, ಅಪ್ಪ ಅಮ್ಮನ ಔಷಧಿ ಯಾವುದೂ ಅಗ್ಗವಾಗಿಲ್ಲ. ಹಾಗಾಗಿ ಈ ಕಸುಬಿನಲ್ಲಿ ಉಳಿಯುವವರು ಯಾರು ಎಂಬುದನ್ನು ಪ್ರತಿಭೆಗಿಂತ ಹೆಚ್ಚಾಗಿ ಕಾಯುವ ತ್ರಾಣ ನಿರ್ಧರಿಸುತ್ತಿದೆ. ಬೆಂಗಳೂರಿನಲ್ಲಿ ಸ್ವಂತ ಮನೆ, ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ಕೈ, ವಿದೇಶದಲ್ಲಿ ಗೆಳೆಯರು ಇರುವವನು ಕಾಯಬಲ್ಲ. ರಾಗಿ, ಹುರುಳಿ, ತೆಂಗು ನಂಬಿದ ಮನೆಯಿಂದ ಹೋದ ಹುಡುಗ ಕಾಯಲಾರ. ಆ ಹುಡುಗ ಮಾಡಬಹುದಾಗಿದ್ದ ಸಿನಿಮಾ ಹುಟ್ಟುವುದಿಲ್ಲ. ಹುಟ್ಟದ ಸಿನಿಮಾಕ್ಕೆ ಯಾರೂ ಮರುಗುವುದಿಲ್ಲ, ಏಕೆಂದರೆ ಅದು ಯಾರಿಗೂ ಕಾಣುವುದಿಲ್ಲ.

ಸಾಕ್ಷ್ಯಚಿತ್ರಕಾರರ ಪಾಡು ಇನ್ನೂ ಕಷ್ಟ. ಮಳೆಯಾಶ್ರಿತ ರೈತನ ಮೇಲೆ ಒಂದು ಗಂಟೆಯ ಚಿತ್ರ ಮಾಡಬೇಕು ಎಂದುಕೊಳ್ಳಿ. ಬಿತ್ತನೆಯಿಂದ ಒಕ್ಕಣೆಯವರೆಗೆ ಒಂದು ಹಂಗಾಮನ್ನಾದರೂ ಹಿಂಬಾಲಿಸಬೇಕು. ಮಳೆ ಕೈಕೊಟ್ಟರೆ ಅದೂ ಕಥೆಯ ಭಾಗ, ಮತ್ತೊಂದು ವರ್ಷ ಕಾಯಬೇಕು. ಹತ್ತಾರು ಗಂಟೆಗಳ ಚಿತ್ರಣವನ್ನು ಕೂತು ನೋಡಿ, ಮಾತುಗಳನ್ನು ಬರೆದುಕೊಂಡು, ಎಡಿಟಿಂಗ್‌ಗೆ ತಿಂಗಳುಗಟ್ಟಲೆ ಕೊಡಬೇಕು. ಆಮೇಲೆ ಶಬ್ದ ಸರಿಮಾಡುವುದು, ಬಣ್ಣ ಹೊಂದಿಸುವುದು, ಸಬ್‌ಟೈಟಲ್ ಬರೆಸುವುದು. ಚಿತ್ರೋತ್ಸವಗಳಿಗೆ ಕಳಿಸುವುದಾದರೆ ಪ್ರವೇಶ ಶುಲ್ಕವನ್ನು ಡಾಲರಿನಲ್ಲೋ ಯೂರೋದಲ್ಲೋ ಕಟ್ಟಬೇಕು. ಚಿತ್ರಮಂದಿರದಲ್ಲಿ ತೋರಿಸಬೇಕಾದರೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಇಷ್ಟೆಲ್ಲ ಮಾಡಿ ಕೊಳ್ಳುವವರು ಯಾರು? ಕನ್ನಡದ ಯಾವ ಖಾಸಗಿ ವಾಹಿನಿಯೂ ಸಾಕ್ಷ್ಯಚಿತ್ರಕ್ಕೆಂದು ವಾರದಲ್ಲಿ ಒಂದು ಗಂಟೆ ಎತ್ತಿಟ್ಟಿಲ್ಲ. ದಶಕಗಳ ಕಾಲ ಸಾಕ್ಷ್ಯಚಿತ್ರಗಳನ್ನು ನಿರ್ಮಿಸುತ್ತಿದ್ದ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಂಥ ಬೆರಳೆಣಿಕೆಯ ಸಂಸ್ಥೆಗಳು ಅನುದಾನ ಕೊಡುತ್ತವೆ, ಅರ್ಜಿ ಹಾಕುವವರು ನೂರಾರು. ಉಳಿದವರು ಮದುವೆ ವಿಡಿಯೊ ಮಾಡುತ್ತಾರೆ, ಕಂಪನಿಗಳ ಪ್ರಚಾರಚಿತ್ರ ಮಾಡುತ್ತಾರೆ, ಸ್ವಯಂಸೇವಾ ಸಂಸ್ಥೆಗಳ ವರದಿಗೆ ಬೇಕಾದ ಹತ್ತು ನಿಮಿಷದ ಚಿತ್ರ ಮಾಡುತ್ತಾರೆ, ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಆ ಕೆಲಸಗಳಲ್ಲಿ ಕೀಳೇನೂ ಇಲ್ಲ. ಆದರೆ ಅವುಗಳ ನಡುವೆ ಸ್ವಂತ ಚಿತ್ರಕ್ಕೆ ಉಳಿಯುವುದು ಭಾನುವಾರ ಮಾತ್ರ.

ಸರ್ಕಾರದ ಸಬ್ಸಿಡಿ ಇದೆಯಲ್ಲ ಎನ್ನುವವರಿಗೆ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಚಿತ್ರಗಳಿಗೆ ಸಹಾಯಧನ ಶುರುವಾಗಿದ್ದು 1960ರ ದಶಕದಲ್ಲಿ. ಮದರಾಸಿನಲ್ಲಿ ನೆಲೆಸಿದ್ದ ಕನ್ನಡ ಚಿತ್ರೋದ್ಯಮವನ್ನು ಇಲ್ಲಿಗೆ ಕರೆತರುವುದು ಅದರ ಉದ್ದೇಶ, ಆ ಮಟ್ಟಿಗೆ ಅದು ಗೆದ್ದಿತು. ಈಗ ಆಯ್ಕೆಯಾದ ಚಿತ್ರಕ್ಕೆ ಸುಮಾರು 10 ಲಕ್ಷ ರೂಪಾಯಿ ಸಿಗುತ್ತದೆ, ಗುಣಾತ್ಮಕ ಚಿತ್ರಗಳಿಗೆ, ಮಕ್ಕಳ ಚಿತ್ರಗಳಿಗೆ ಇನ್ನೂ ಹೆಚ್ಚು. ಇದರಲ್ಲಿ ಎರಡು ದೋಷಗಳಿವೆ. ಹಣ ಬರುವುದು ಚಿತ್ರ ಮುಗಿದು, ಸೆನ್ಸಾರ್ ಆಗಿ, ಸಮಿತಿ ನೋಡಿದ ಮೇಲೆ, ಎಷ್ಟೋ ಸಲ ವರ್ಷಗಟ್ಟಲೆ ತಡವಾಗಿ. ಅಷ್ಟರಲ್ಲಿ ಸಾಲದ ಬಡ್ಡಿ ಬೆಳೆದಿರುತ್ತದೆ. ಎರಡನೆಯ ದೋಷ ಇದಕ್ಕಿಂತ ದೊಡ್ಡದು. ಸಹಾಯಧನ ಚಿತ್ರವನ್ನು ಮಾಡಿದ್ದಕ್ಕೆ ಸಿಗುತ್ತದೆಯೇ ಹೊರತು ತೋರಿಸಿದ್ದಕ್ಕೆ ಸಿಗುವುದಿಲ್ಲ. ಹಾಗಾಗಿ ಸಹಾಯಧನದ ಮೇಲೆಯೇ ಕಣ್ಣಿಟ್ಟು, ಆದಷ್ಟು ಕಡಿಮೆ ದುಡ್ಡಿನಲ್ಲಿ ಮುಗಿಸಿ, ಒಂದು ಆಟವೂ ಸರಿಯಾಗಿ ಆಡದ ಚಿತ್ರಗಳು ಹುಟ್ಟುತ್ತವೆ. ‘ಸಬ್ಸಿಡಿ ಸಿನಿಮಾ’ ಎಂಬುದು ಬೈಗುಳವಾಗಿದ್ದು ಹೀಗೆ. ಪ್ರಾಮಾಣಿಕವಾಗಿ ದುಡಿದವನ ಚಿತ್ರವೂ ಅದೇ ಬೈಗುಳದಡಿ ಸೇರಿಹೋಗುತ್ತದೆ.

ಜನ ನೋಡದ ಸಿನಿಮಾಕ್ಕೆ ಜನರ ತೆರಿಗೆ ಹಣ ಏಕೆ ಎಂಬ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ಅದು ತಳ್ಳಿಹಾಕುವ ಆಕ್ಷೇಪವಲ್ಲ. ಆದರೆ ಜನ ನೋಡಲಿಲ್ಲ ಎನ್ನುವ ಮೊದಲು ಜನರಿಗೆ ತೋರಿಸಿದ್ದೇವೆಯೇ ಎಂದು ಕೇಳಬೇಕು. ಹೋಬಳಿ ಕೇಂದ್ರಗಳಲ್ಲಿ ಒಂದು ಕಾಲಕ್ಕೆ ಟೆಂಟ್ ಟಾಕೀಸು ಬಂದು ನಿಲ್ಲುತ್ತಿತ್ತು. ಮರಳಿನ ಮೇಲೆ ಕೂತು ರಾಜ್‌ಕುಮಾರ್ ಚಿತ್ರ ನೋಡಿದ ಪೀಳಿಗೆ ಇನ್ನೂ ಇದೆ. ಟೆಂಟು ಹೋಯಿತು, ತಾಲ್ಲೂಕು ಕೇಂದ್ರದ ಚಿತ್ರಮಂದಿರಗಳು ಒಂದೊಂದಾಗಿ ಬಾಗಿಲು ಹಾಕಿದವು, ಕೆಲವು ಕಲ್ಯಾಣಮಂಟಪವಾದವು. ಉಳಿದಿರುವಲ್ಲಿ ಶುಕ್ರವಾರ ಬಂದ ಚಿತ್ರ ಸೋಮವಾರಕ್ಕೆ ಇರುವುದಿಲ್ಲ. ಇಂಥ ಕಡೆ ಪ್ರಚಾರಕ್ಕೆ ದುಡ್ಡಿಲ್ಲದ ಚಿತ್ರ ಬಂದು ಬಾಯಿಂದ ಬಾಯಿಗೆ ಹರಡಿ ನಿಲ್ಲುವುದು ಹೇಗೆ? ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಜೈಶಂಕರ್ ಆರ್ಯರ್ ಮಾಡಿದ ‘ಶಿವಮ್ಮ’ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ಪ್ರಶಸ್ತಿ ಗೆದ್ದಿತು. ನಮ್ಮ ಚಿತ್ರಮಂದಿರಕ್ಕೆ ಬರಲು ಅದಕ್ಕೆ 2024ರ ಜೂನ್ ಆಗಬೇಕಾಯಿತು.

ಎರಡನೆಯ ಚಿತ್ರ, ಮೂರನೆಯ ಚಿತ್ರ, ಹತ್ತನೆಯ ಚಿತ್ರ ಎಂದು ನಡೆದ ಸ್ವತಂತ್ರ ನಿರ್ದೇಶಕರು ನಮ್ಮಲ್ಲಿ ಇಲ್ಲದೆ ಇಲ್ಲ. ಗಿರೀಶ್ ಕಾಸರವಳ್ಳಿಯವರನ್ನು ನೋಡಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಬಂದವರು 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ಅದಕ್ಕೆ ಸ್ವರ್ಣಕಮಲ ಬಂತು. ಮೂರು ವರ್ಷದೊಳಗೆ ‘ಆಕ್ರಮಣ’, ಅದರ ಬೆನ್ನಿಗೆ ‘ಮೂರು ದಾರಿಗಳು’. ಮುಂದೆ ‘ತಬರನ ಕಥೆ’, ‘ತಾಯಿಸಾಹೇಬ’, ‘ದ್ವೀಪ’ ಚಿತ್ರಗಳಿಗೂ ಸ್ವರ್ಣಕಮಲ. ನಾಲ್ಕು ದಶಕ ದಾಟಿ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯವರೆಗೆ ಅವರ ಕೆಲಸ ನಿಂತಿಲ್ಲ. ಯು.ಆರ್. ಅನಂತಮೂರ್ತಿಯವರ ಮೇಲೆ ಸಾಕ್ಷ್ಯಚಿತ್ರವನ್ನೂ ಮಾಡಿದರು. ಇದು ಅವರ ಪ್ರತಿಭೆಯ ಫಲ ಎಂದು ಸುಮ್ಮನಾಗುವುದು ಸುಲಭ. ಆದರೆ ಪ್ರತಿಭೆಯ ಹಿಂದೆ ನಿಂತವರನ್ನೂ ಎಣಿಸಬೇಕು. ‘ಘಟಶ್ರಾದ್ಧ’ಕ್ಕೆ ಸದಾನಂದ ಸುವರ್ಣ, ‘ತಾಯಿಸಾಹೇಬ’ಕ್ಕೆ ಜಯಮಾಲಾ, ‘ದ್ವೀಪ’ಕ್ಕೆ ಸೌಂದರ್ಯ ದುಡ್ಡು ಹಾಕಿದರು. ಜನಪ್ರಿಯ ಸಿನಿಮಾದಲ್ಲಿ ಗಳಿಸಿದ ಇಬ್ಬರು ನಟಿಯರು ತಮ್ಮ ಗಳಿಕೆಯನ್ನು ಇಂಥ ಚಿತ್ರಕ್ಕೆ ಹಾಕಿದರು ಎಂಬುದನ್ನು ಕನ್ನಡಿಗರು ಇನ್ನಷ್ಟು ಗೌರವದಿಂದ ನೆನೆಯಬೇಕು. ಜೊತೆಗೆ ಆಗ ದೂರದರ್ಶನವಿತ್ತು. ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರಗಳು ಇಡೀ ದೇಶಕ್ಕೆ ಪ್ರಸಾರವಾಗುತ್ತಿದ್ದವು, ನಿರ್ಮಾಪಕನಿಗೆ ಹಣ ಬರುತ್ತಿತ್ತು. ಚಿತ್ರಸಮಾಜಗಳಿದ್ದವು. ಬೆಂಗಳೂರಿನ ಸುಚಿತ್ರಾ 1971ರಲ್ಲಿ ಹುಟ್ಟಿತು. ಮೂರನ್ನೂ ಸೇರಿಸಿ ನೋಡಿದರೆ ಒಬ್ಬ ನಿರ್ದೇಶಕನ ಬದುಕು ಹೇಗೆ ನಡೆಯಿತು ಎಂಬುದು ಕಾಣುತ್ತದೆ. ಅರ್ಧ ಶತಮಾನದ ಹಿಂದಿನ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತಿತರ ಸಂಸ್ಥೆಗಳು ಸೇರಿ ಪುನರುಜ್ಜೀವಗೊಳಿಸಿದವು, 2024ರಲ್ಲಿ ಅದು ವೆನಿಸ್‌ನಲ್ಲಿ ಮತ್ತೆ ತೆರೆ ಕಂಡಿತು.

ಹಳ್ಳಿಯವರಿಗೆ ಇಂಥ ಸಿನಿಮಾ ರುಚಿಸುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟದ ನಡುವಿನ ಊರಿನಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಕೂಲಿಯವರಿಗೂ ರೈತರಿಗೂ ತೋರಿಸಿದರು. ಎಂಬತ್ತರ ದಶಕದಲ್ಲಿ ‘ಜನಸ್ಪಂದನ’ ಎಂಬ ಯೋಜನೆಯ ಮೂಲಕ ಅದನ್ನು ಬೇರೆ ಬೇರೆ ಊರುಗಳಿಗೆ ಒಯ್ದರು. ಜನ ಕೂತು ನೋಡಿದರು, ನೋಡಿ ಚರ್ಚೆ ಮಾಡಿದರು. ಹೆಗ್ಗೋಡು ಬೇರೆ, ಮಂಡ್ಯ ಬೇರೆ ಎನ್ನಬೇಡಿ. ನಮ್ಮ ಊರುಗಳಲ್ಲಿ ಇಂದಿಗೂ ಪೌರಾಣಿಕ ನಾಟಕ ಹೇಗೆ ನಡೆಯುತ್ತದೆ ಎಂಬುದನ್ನು ಬಲ್ಲವರು ಹಾಗೆ ಹೇಳಲಾರರು.

‘ಕುರುಕ್ಷೇತ್ರ’ ಆಡಬೇಕೆಂದು ಊರಲ್ಲಿ ತೀರ್ಮಾನವಾದರೆ ಮೊದಲು ಪಾತ್ರ ಹಂಚಿಕೆ. ಪಾತ್ರಕ್ಕೆ ತಕ್ಕ ದುಡ್ಡನ್ನು ಪಾತ್ರಧಾರಿಯೇ ಕೊಡಬೇಕು. ದುರ್ಯೋಧನನಾಗುವವನು, ಕೃಷ್ಣನಾಗುವವನು ದೊಡ್ಡ ಮೊತ್ತ ಕೊಡುತ್ತಾನೆ, ಸಣ್ಣ ಪಾತ್ರದವನು ಸಣ್ಣದು. ಡ್ರಾಮಾ ಮೇಷ್ಟ್ರನ್ನು ಗೊತ್ತುಮಾಡಿ, ಹಾರ್ಮೋನಿಯಂ ತರಿಸಿ, ತಿಂಗಳುಗಟ್ಟಲೆ ರಾತ್ರಿ ತಾಲೀಮು. ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಸೀನರಿ, ಡ್ರೆಸ್ಸು, ಲೈಟು, ಮೈಕು ಎಲ್ಲ ಬಾಡಿಗೆಗೆ ಬರುತ್ತದೆ. ಒಂದು ರಾತ್ರಿಯ ನಾಟಕಕ್ಕೆ ಲಕ್ಷಗಟ್ಟಲೆ ಖರ್ಚಾಗುತ್ತದೆ. ಯಾರೂ ಸಬ್ಸಿಡಿ ಕೇಳುವುದಿಲ್ಲ. ಬೆಳಗಿನ ಜಾವದವರೆಗೆ ಹೆಂಗಸರು, ಮಕ್ಕಳು ಕಂಬಳಿ ಹೊದ್ದು ಕೂತು ನೋಡುತ್ತಾರೆ, ಕಂದಪದ್ಯ ಎಲ್ಲಿ ತಪ್ಪಿತು ಎಂಬುದನ್ನು ಹಿಡಿಯುತ್ತಾರೆ. ಕಲೆಗೆ ದುಡ್ಡು ಹಾಕುವ ಅಭ್ಯಾಸ, ಕಲೆಯನ್ನು ತೂಗಿ ನೋಡುವ ಕಣ್ಣು ಈ ಸೀಮೆಯಲ್ಲಿ ಸತ್ತಿಲ್ಲ. ಸಿನಿಮಾದ ವಿಷಯದಲ್ಲಿ ಮಾತ್ರ ನಾವು ಅದನ್ನು ಗಾಂಧಿನಗರದ ಪಾಲಿಗೆ ಬಿಟ್ಟುಕೊಟ್ಟಿದ್ದೇವೆ. ಊರ ಪಾಲು ಅದರಲ್ಲೂ ಇರಬಹುದು ಎಂಬ ಯೋಚನೆಯೇ ನಮಗೆ ಬಂದಿಲ್ಲ.

ನಾಗಮಂಗಲ ತಾಲ್ಲೂಕಿಗೇ ಸೇರಿದ ಇಬ್ಬರನ್ನು ಇಲ್ಲಿ ನೆನೆಯಬೇಕು. ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದೂ ಊರೂರು ತಿರುಗಿ ಜನಪದರ ದನಿಯನ್ನು ದಾಖಲಿಸಿದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತೆರೆದರು. ಅವರು ತಮ್ಮನ್ನು ಸಾಕ್ಷ್ಯಚಿತ್ರಕಾರ ಎಂದು ಕರೆದುಕೊಂಡವರಲ್ಲ. ಆದರೆ ಹಾಡುವವರು ಸಾಯುವ ಮೊದಲು ಹಾಡನ್ನು ಹಿಡಿದಿಡಬೇಕು ಎಂಬ ಅವಸರ, ಹಿಡಿದದ್ದನ್ನು ಜನ ಬಂದು ನೋಡುವಂಥ ಜಾಗದಲ್ಲಿ ಇಡಬೇಕು ಎಂಬ ಹಟ ಎರಡೂ ಅವರಲ್ಲಿತ್ತು. ದಾಖಲಿಸುವುದಷ್ಟೇ ಸಾಲದು, ಅದಕ್ಕೊಂದು ಮನೆ ಬೇಕು ಎಂಬುದನ್ನು ಅವರು ಕಟ್ಟಿ ತೋರಿಸಿದರು. ಇನ್ನೊಬ್ಬರು ನಾಗತಿಹಳ್ಳಿ ಚಂದ್ರಶೇಖರ್. ಕಥೆಗಾರರಾಗಿ ಬಂದು ‘ಉಂಡೂ ಹೋದ ಕೊಂಡೂ ಹೋದ’, ‘ಕೊಟ್ರೇಶಿ ಕನಸು’, ‘ಅಮೆರಿಕಾ ಅಮೆರಿಕಾ’ದಂಥ ಚಿತ್ರಗಳನ್ನು ಮಾಡಿದವರು. ನಾನು ಹೇಳುತ್ತಿರುವ ಅರ್ಥದಲ್ಲಿ ಅವರು ಉದ್ಯಮದ ಹೊರಗಿನ ನಿರ್ದೇಶಕರಲ್ಲ, ಮುಖ್ಯಧಾರೆಯ ಒಳಗೇ ಜಾಗ ಮಾಡಿಕೊಂಡವರು. ಆದರೆ ಹುಟ್ಟೂರು ನಾಗತಿಹಳ್ಳಿಯಲ್ಲಿ ವರ್ಷವರ್ಷ ಸಂಸ್ಕೃತಿ ಹಬ್ಬ ನಡೆಸಿಕೊಂಡು ಬಂದಿದ್ದಾರೆ. ಹಳ್ಳಿಯೊಂದು ವರ್ಷಕ್ಕೊಮ್ಮೆ ನಾಟಕ, ಸಂಗೀತ, ಮಾತುಕತೆಗೆ ಸೇರಬಹುದು ಎಂಬುದಕ್ಕೆ ಹೊರಗಿನ ಉದಾಹರಣೆ ಹುಡುಕಬೇಕಿಲ್ಲ.

ಚಿತ್ರವನ್ನು ಊರಿಗೆ ತಂದು ತೋರಿಸಬೇಕು ಎನ್ನುವುದಕ್ಕೆ ದುಡ್ಡಿನದಲ್ಲದ ಇನ್ನೊಂದು ಕಾರಣವಿದೆ. ‘ತಿಥಿ’ಯ ನಂತರ ಗಡ್ಡಪ್ಪ, ಸೆಂಚುರಿ ಗೌಡರನ್ನು ಹಾಕಿಕೊಂಡು ಒಂದರ ಹಿಂದೊಂದು ವ್ಯಾಪಾರಿ ಚಿತ್ರಗಳು ಬಂದವು. ಇಳಿವಯಸ್ಸಿನಲ್ಲಿ ಅವರಿಗೆ ನಾಲ್ಕು ಕಾಸು ಸಿಕ್ಕಿದ್ದರೆ, ಜನ ಗುರುತು ಹಿಡಿದು ಮಾತಾಡಿಸಿದ್ದರೆ ಸಂತೋಷವೇ. ಆದರೆ ಮೊದಲ ಚಿತ್ರದಲ್ಲಿ ಒಂದು ಬದುಕಿನ ತತ್ವವೇ ಆಗಿದ್ದ ಗಡ್ಡಪ್ಪನ ಬೀಡಿ, ಬಾಟಲಿ, ಒರಟು ಮಾತು ಆಮೇಲಿನವುಗಳಲ್ಲಿ ಪ್ರೇಕ್ಷಕರನ್ನು ನಗಿಸುವ ಸರಕಾಗಿಬಿಟ್ಟಿತು. ಹಳ್ಳಿಯ ಮುದುಕನನ್ನು ಮನುಷ್ಯನಾಗಿ ನೋಡಿದ ಒಂದು ಚಿತ್ರದ ಬೆನ್ನಿಗೇ ಅವನನ್ನು ಪ್ರದರ್ಶನದ ವಸ್ತುವಾಗಿ ನೋಡುವ ಚಿತ್ರಗಳು ಬಂದವು. ಊರಿನವರು ಇಂಥ ಚಿತ್ರಗಳನ್ನು ಒಟ್ಟಿಗೆ ಕೂತು ನೋಡಿ, ಇದು ಸರಿ, ಇದು ತಪ್ಪು, ಇದು ನಾವಲ್ಲ ಎಂದು ಹೇಳುವ ಸ್ಥಳವೊಂದಿದ್ದರೆ ನಿರ್ದೇಶಕನ ಹೆಗಲ ಮೇಲೆ ಒಂದು ಹೊಣೆ ಕೂರುತ್ತಿತ್ತು. ಈಗ ಚಿತ್ರಕ್ಕೆ ವಸ್ತುವಾದವರಿಗೆ ಚಿತ್ರದ ಬಗ್ಗೆ ಮಾತಾಡುವ ಅವಕಾಶವೇ ಇಲ್ಲ.

ಇದನ್ನು ಬಹಳ ಹಿಂದೆಯೇ ಅರಿತವರಿದ್ದರು. ದೀಪಾ ಧನರಾಜ್ ಮತ್ತು ಗೆಳತಿಯರು 1980ರಲ್ಲಿ ‘ಯುಗಾಂತರ್’ ಎಂಬ ಮಹಿಳಾ ಚಿತ್ರತಂಡ ಕಟ್ಟಿದರು. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘಟಿತರಾಗಿ ಹೋರಾಡಿದ ಕಥೆಯನ್ನು ಆ ಕಾರ್ಮಿಕರ ಜೊತೆಗೂಡಿ 1982ರಲ್ಲಿ ಚಿತ್ರವಾಗಿಸಿದರು. ಅದನ್ನು ಕಾರ್ಮಿಕರ ನಡುವೆ, ಮಹಿಳಾ ಸಂಘಟನೆಗಳ ನಡುವೆ ತೋರಿಸಿದರು. ಚಿತ್ರ ಯಾರದ್ದೋ ಅವರ ಮುಂದೆಯೇ ಅದು ಮೊದಲು ನಿಲ್ಲಬೇಕು ಎಂಬ ಶಿಸ್ತು ಅದು. ದೀಪಾ ಅವರು ಅಲ್ಲಿಂದ ಮುಂದೆ ಸುಮಾರು ನಾಲ್ಕು ದಶಕ ಸಾಕ್ಷ್ಯಚಿತ್ರ ಮಾಡಿದರು. ರೋಹಿತ್ ವೇಮುಲ ಸಾವಿನ ನಂತರದ ವಿದ್ಯಾರ್ಥಿ ಚಳವಳಿಯ ಚಿತ್ರ ಬಂದಿದ್ದು 2018ರಲ್ಲಿ. ಕರ್ನಾಟಕದಲ್ಲಿ ನೆಲೆಸಿ ಇಷ್ಟು ದೀರ್ಘಕಾಲ ಈ ಕೆಲಸ ಮಾಡಿದವರ ಹೆಸರು ನಮ್ಮ ಎಷ್ಟು ಕಾಲೇಜುಗಳ ವಿದ್ಯಾರ್ಥಿಗಳಿಗೆ ಗೊತ್ತು?

ಜನರಿಂದಲೇ ಹಣ ಕೂಡಿಸುವ ದಾರಿಯನ್ನು ಕನ್ನಡ ಆಗಲೇ ನೋಡಿದೆ. 2013ರ ‘ಲೂಸಿಯಾ’ಕ್ಕೆ ಪವನ್ ಕುಮಾರ್ ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ರೂಪಾಯಿ ಸೇರಿಸಿದರು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿದ ‘ಡೇರ್‌ಡೆವಿಲ್ ಮುಸ್ತಫಾ’ 2023ರಲ್ಲಿ ತೇಜಸ್ವಿ ಓದುಗರೇ ಕೂಡಿ ಹಾಕಿದ ದುಡ್ಡಿನಿಂದ ಬಂತು. ಎರಡೂ ಹೆಮ್ಮೆಯ ಸಂಗತಿ. ಆದರೆ ಈ ದಾರಿ ಅಂತರ್ಜಾಲದಲ್ಲಿ ಆಗಲೇ ಹೆಸರಿದ್ದವರಿಗೆ, ತೇಜಸ್ವಿಯವರಂಥ ಲೇಖಕರ ಓದುಗ ಬಳಗದ ಬಲವಿದ್ದವರಿಗೆ ಹೊಂದುತ್ತದೆ. ತನ್ನ ಊರಿನ ಕೆರೆಯ ಮೇಲೆ, ಮೂಡಲಪಾಯ ಯಕ್ಷಗಾನದ ಕೊನೆಯ ಭಾಗವತರ ಮೇಲೆ ಸಾಕ್ಷ್ಯಚಿತ್ರ ಮಾಡಹೊರಟವನಿಗೆ ಅಲ್ಲಿ ಯಾರು ಸಿಗುತ್ತಾರೆ? ಒಟಿಟಿ ಕಂಪನಿಗಳಂತೂ ಕನ್ನಡವನ್ನು ಹತ್ತಿರ ಸೇರಿಸಿಕೊಂಡಿಲ್ಲ. ರಕ್ಷಿತ್ ಶೆಟ್ಟಿಯವರಷ್ಟು ಹೆಸರಿರುವವರೇ ‘ಏಕಂ’ ಸರಣಿಗೆ ಕೊಳ್ಳುವವರು ಸಿಗದೆ 2024ರಲ್ಲಿ ತಮ್ಮದೇ ವೇದಿಕೆಯಲ್ಲಿ ಬಿಡುಗಡೆ ಮಾಡಬೇಕಾಯಿತು.

ಸಾಕ್ಷ್ಯಚಿತ್ರವನ್ನು ಕನ್ನಡಿಗರು ದುಡ್ಡು ಕೊಟ್ಟು ನೋಡುವುದಿಲ್ಲ ಎಂಬ ಮಾತೂ ಸುಳ್ಳಾಗಿದೆ. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರ ‘ವೈಲ್ಡ್ ಕರ್ನಾಟಕ’ 2020ರಲ್ಲಿ ಚಿತ್ರಮಂದಿರಗಳಲ್ಲಿ ತೆರೆ ಕಂಡಿತು. 2022ರ ಅಕ್ಟೋಬರ್‌ನಲ್ಲಿ ‘ಗಂಧದ ಗುಡಿ’ಗೆ ಜನ ಸಾಲುಗಟ್ಟಿ ನಿಂತರು. ಪುನೀತ್ ರಾಜ್‌ಕುಮಾರ್ ಮೇಲಿನ ಪ್ರೀತಿ, ಅಗಲಿಕೆಯ ದುಃಖ ಅವರನ್ನು ಕರೆತಂದಿತು ನಿಜ. ಬಂದವರು ಕೂತು ಕಾಡು, ಕಡಲು, ಹೊಳೆ ನೋಡಿದರು ಎಂಬುದೂ ನಿಜ.

ಹಾಗಾದರೆ ಏನು ಮಾಡಬಹುದು? 2025ರ ರಾಜ್ಯ ಬಜೆಟ್‌ನಲ್ಲಿ ಸರ್ಕಾರ ಕನ್ನಡಕ್ಕೆ ತನ್ನದೇ ಒಟಿಟಿ ವೇದಿಕೆ ತರುವುದಾಗಿ ಹೇಳಿತು. ಕನ್ನಡ ಚಿತ್ರಗಳ ಭಂಡಾರಕ್ಕೆ ಹಣವನ್ನೂ ಘೋಷಿಸಿತು. ಈ ವೇದಿಕೆ ಬರುವುದಾದರೆ ಅದರ ಮೊದಲ ನಿಯಮ ಹೀಗಿರಬೇಕು: ಚಿತ್ರವನ್ನು ಪುಕ್ಕಟೆ ಪಡೆಯುವುದಿಲ್ಲ, ನಿಗದಿಯಾದ ಹಕ್ಕಿನ ಶುಲ್ಕವನ್ನು ಚಿತ್ರ ಏರಿದ ತಿಂಗಳಲ್ಲೇ ಕೊಡುತ್ತೇವೆ. ಸಾಕ್ಷ್ಯಚಿತ್ರಕ್ಕೆ ಅದರಲ್ಲಿ ಪ್ರತ್ಯೇಕ ಪಾಲಿರಬೇಕು. ಸಹಾಯಧನದ ಒಂದು ಭಾಗವನ್ನು ಚಿತ್ರ ಎಷ್ಟು ತಾಲ್ಲೂಕುಗಳಲ್ಲಿ ಸಾರ್ವಜನಿಕವಾಗಿ ತೋರಿಸಲ್ಪಟ್ಟಿತು ಎಂಬುದಕ್ಕೆ ಕಟ್ಟಬೇಕು. ಆಗ ಡಬ್ಬಿಯಲ್ಲೇ ಉಳಿಯಲು ಹುಟ್ಟಿದ ಚಿತ್ರಗಳು ತಾವಾಗಿ ಕಡಿಮೆಯಾಗುತ್ತವೆ. ಮೊದಲ ಚಿತ್ರಕ್ಕೆ ಮನ್ನಣೆ ಪಡೆದ ನಿರ್ದೇಶಕನಿಗೆ ಎರಡನೆಯ ಚಿತ್ರದ ಬರವಣಿಗೆಗೆಂದೇ ಒಂದು ವರ್ಷದ ಫೆಲೋಶಿಪ್ ಕೊಡುವುದನ್ನು ಚಲನಚಿತ್ರ ಅಕಾಡೆಮಿ ಶುರುಮಾಡಬೇಕು. ಸನ್ಮಾನ ಸಮಾರಂಭಗಳನ್ನು ಅರ್ಧಕ್ಕಿಳಿಸಿದರೆ ಇದಕ್ಕೆ ದುಡ್ಡು ಸಿಗುತ್ತದೆ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಹೋಬಳಿ ಕೇಂದ್ರದಲ್ಲಿ ಪ್ರೌಢಶಾಲೆಯಿದೆ, ಸಮುದಾಯ ಭವನವಿದೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. ಗಣಪತಿ ಕೂರಿಸುವ ಯುವಕರ ಸಂಘಕ್ಕೆ ಪರದೆ, ಪ್ರೊಜೆಕ್ಟರ್, ಸ್ಪೀಕರ್ ಬಾಡಿಗೆಗೆ ತರುವುದು ಗೊತ್ತಿದೆ. ಹೊಣಕೆರೆ, ಬಿಂಡಿಗನವಿಲೆ, ದೇವಲಾಪುರ, ಬೆಳ್ಳೂರು ಹೀಗೆ ಒಂದೊಂದು ಹೋಬಳಿ ಕೇಂದ್ರದಲ್ಲೂ ಎರಡು ತಿಂಗಳಿಗೊಮ್ಮೆ ಒಂದು ಚಿತ್ರ ತೋರಿಸಿ, ಪ್ರತಿ ಪ್ರದರ್ಶನಕ್ಕೂ ನಿರ್ದೇಶಕನಿಗೆ ಹೋಗಿಬರುವ ಖರ್ಚಿನ ಜೊತೆಗೆ ಒಂದು ಮರ್ಯಾದೆಯ ಶುಲ್ಕ ಕೊಟ್ಟರೆ, ಇಂಥ ನಾಲ್ಕು ತಾಲ್ಲೂಕುಗಳು ಸೇರಿದರೆ, ಅದೊಂದು ಸಣ್ಣ ಸಂಪಾದನೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮುಂದಿನ ಚಿತ್ರವನ್ನು ಯಾರಿಗಾಗಿ ಮಾಡುತ್ತಿದ್ದೇನೆ ಎಂಬುದು ಆ ನಿರ್ದೇಶಕನಿಗೆ ಗೊತ್ತಾಗುತ್ತದೆ.

ನಾಟಕದ ಲೆಕ್ಕ ಬರೆಯುವ ಊರಿನ ಹಿರಿಯರಲ್ಲಿ, ಶಾಲೆಯ ಮೇಷ್ಟ್ರುಗಳಲ್ಲಿ, ಯುವಕ ಸಂಘದವರಲ್ಲಿ ನನ್ನ ವಿನಂತಿ ಇಷ್ಟೇ. ಈ ವರ್ಷದ ಖರ್ಚಿನ ಪಟ್ಟಿಯಲ್ಲಿ ಸೀನರಿ, ಮೈಕು, ಊಟದ ಸಾಲಿನ ಕೆಳಗೆ ಒಂದು ಸಾಲು ಸೇರಿಸಿ: ಕನ್ನಡದ ಒಂದು ಸ್ವತಂತ್ರ ಚಿತ್ರದ ಪ್ರದರ್ಶನ ಶುಲ್ಕ. ಮೊತ್ತ ಎಷ್ಟೆಂದು ನೀವೇ ತೀರ್ಮಾನಿಸಿ, ಆದರೆ ಅದನ್ನು ನಿರ್ದೇಶಕನ ಕೈಗೇ ಕೊಡಿ, ಕೊಟ್ಟ ಮೇಲೆ ಮುಂದಿನ ಚಿತ್ರ ಯಾವಾಗ ಎಂದು ಕೇಳಿ.